ಕೊಡೆಯವನ ಹೆಂಡತಿಗೆ ಉಳಿದ ಮಾತು

ಕೊಡೆ ರಿಪೇರಿಯವನ ಹೆಂಡತಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು, ಮಾತೂ ಹೋಯಿತು. ಉಳಿದದ್ದು ಒಂದೇ. ‘ಬಿಚ್ಚು.’

ಊಟ ತಿನ್ನಿಸಿ ಬಾಯಿ ಒರೆಸಿದರೆ, ಬಿಚ್ಚು. ಕಣ್ಣು ತೆರೆದರೆ, ಬಿಚ್ಚು. ಮದುವೆಯಾದಂದಿನಿಂದ ‘ಬನ್ನಿ, ಹೋಗಿ’ ಅಂತಲೇ ಮಾತಾಡಿದವಳು ಈಗ ಆಳಿಗೆ ಅಪ್ಪಣೆ ಕೊಟ್ಟ ಹಾಗೆ ಹೇಳುತ್ತಿದ್ದಳು.

“ಆಗಲಿ ಧಣಿ,” ಅಂತ ಅವನು ಏಳುತ್ತಿದ್ದ. ಆದರೆ ಏನನ್ನು ಬಿಚ್ಚುವುದು?

ಮಗಳು ಬಂದು ನೋಡಿ ಕಣ್ಣೊರೆಸಿಕೊಂಡಳು. “ಅಮ್ಮನಿಗೆ ಏನೂ ತಿಳಿಯಲ್ಲಪ್ಪ. ಅದೊಂದು ಮಾತು ನಾಲಿಗೆಗೆ ಅಂಟಿಕೊಂಡಿದೆ ಅಷ್ಟೆ. ನಿನ್ನ ಕೈಲಿ ಆಗಲ್ಲ, ನಾಳೆ ಆರೈಕೆ ಮನೆಗೆ ಸೇರಿಸಿಬಿಡೋಣ.” ಬಟ್ಟೆಯ ಗಂಟು ಕಟ್ಟಿ ಮಂಚದ ಕಾಲಿಗೆ ಒರಗಿಸಿ ಹೋದಳು.

ತಿಳಿಯದಿದ್ದರೆ ಅಷ್ಟು ಸಿಟ್ಟು ಯಾಕೆ ಬರುತ್ತದೆ? ಅವನು ಮತ್ತೆ ಹುಡುಕತೊಡಗಿದ. ಕಿಟಕಿಗೆ ‘ತೆಗೆ’ ಅನ್ನಬೇಕು, ಬಾಗಿಲಿಗೂ ‘ತೆಗೆ’. ಬಿಚ್ಚುವುದೆಂದರೆ ಕಟ್ಟಿದ್ದು, ಮಡಿಸಿದ್ದು, ಹೊಲಿದದ್ದು. ಆದರೆ ಅರ್ಧ ಸತ್ತ ನಾಲಿಗೆಯ ಹತ್ತಿರ ಲೆಕ್ಕಾಚಾರದ ಮಾತು ಕೇಳಲಾದೀತೆ? ಕಿಟಕಿಯನ್ನೂ ತೆಗೆದ. ಅಲ್ಲವೆಂದು ತಲೆ ಆಡಿಸಿದಳು. ಜಡೆ ಬಿಚ್ಚಿದ, ಅಲ್ಲ. ಮೊಳೆಗೆ ನೇತು ಹಾಕಿದ್ದ ಕೊಡೆಯೊಂದನ್ನು ಬಿಚ್ಚಿ ಅವಳ ಮೇಲೆ ಹಿಡಿದ. ಅವಳು ಕಣ್ಣು ಮುಚ್ಚಿ ನಿಟ್ಟುಸಿರಿಟ್ಟಳು. ಮನಸ್ಸು ಬಿಚ್ಚಿ ಮಾತಾಡು ಅಂತಲೋ ಏನೋ ಎಂದು ಪಕ್ಕದಲ್ಲಿ ಕೂತ. ಏನು ಹೇಳಬೇಕೋ ತೋಚದೆ, “ಮಳೆ ಜೋರಾಗಿದೆ,” ಅಂದ.

“ಬಿಚ್ಚು!” ಅಂತ ಕಿರುಚಿದಳು.

ಅಷ್ಟರಲ್ಲಿ ಟೀಚರಮ್ಮ ರಿಪೇರಿಗೆ ಕೊಟ್ಟಿದ್ದ ಕೊಡೆ ಕೇಳಿಕೊಂಡು ಬಂದರು. ಮಂಚದ ತಲೆದೆಸೆಯ ಮೂಲೆಯಿಂದ ತೆಗೆದುಕೊಟ್ಟ. ಅವರು ಬಿಚ್ಚಿ ನೋಡಿ ಮೂಗು ಮುಚ್ಚಿಕೊಂಡರು.

“ಏನ್ರೀ ಇದು! ಕಡ್ಡಿ ಹಾಕಿ ಅಂತ ಕೊಟ್ರೆ ಬೂಷ್ಟು ಬೆಳೆಸಿ ಕೊಡ್ತೀರಾ?”

ಅವನು ನಿಂತಲ್ಲೇ ನಿಂತ. ಸೂಜಿ ಹಿಡಿಯುವುದು ಅವನ ಕೆಲಸ. ಸಂಜೆ ಒದ್ದೆ ಕೊಡೆಗಳನ್ನೆಲ್ಲ ಬಿಚ್ಚಿ ನೆಲದ ತುಂಬ ಹರವುವುದು ಅವಳದು. ಅವಳು ಮಲಗಿದ ಮೇಲೆ ಆ ಕೆಲಸವೇ ನಿಂತುಹೋಗಿತ್ತು. ಅವನು ಹೊಲಿದು, ಒದ್ದೆಯಲ್ಲೇ ಪಟ್ಟಿ ಬಿಗಿದು ಅವಳ ತಲೆಯ ಹಿಂದೆ ನಿಲ್ಲಿಸುತ್ತಿದ್ದ. ಆ ನಾತ ಅವಳ ಮೂಗಿಗೇ. ತಾನು ಬಿಚ್ಚಿ ತೋರಿಸಿದ್ದು ಮೊಳೆಯ ಮೇಲೆ ಒಣಗಿದ್ದ ಕೊಡೆಯನ್ನು!

ಟೀಚರಮ್ಮನ ಕೈಕಾಲು ಹಿಡಿದು ಕಳಿಸಿ, ಎಲ್ಲ ಕೊಡೆಗಳನ್ನೂ ಬಿಚ್ಚಿಟ್ಟ. ಕಾಲಿಡಲು ಜಾಗವಿಲ್ಲ. ಅವಳು ಒಂದು ಮಾತೂ ಆಡದೆ ನಿದ್ದೆ ಹೋದಳು.

ಬೆಳಿಗ್ಗೆ ಮಗಳು ಮಳೆಯಲ್ಲಿ ಬಂದು ಹೊಸ್ತಿಲಲ್ಲೇ ನಿಂತಳು. “ಅಪ್ಪಾ, ಏನಿದು ಜಾತ್ರೆ?” ಅವನು ಹೇಳಿದ. ಅವಳು ನಂಬಲಿಲ್ಲ. ತನ್ನ ಕೊಡೆ ಮಡಿಸಿ ಬಾಗಿಲ ಸಂದಿಗೆ ಒರಗಿಸಿದಳು.

“ಬಿಚ್ಚು,” ಅಂದಳು ತಾಯಿ, ನೀರು ಸೋರುತ್ತಿದ್ದ ಆ ಕೊಡೆಯನ್ನೇ ನೋಡುತ್ತ.

ಮಗಳು ತಾಯಿಯ ನೋಟ ಹೋದ ಕಡೆ ತಿರುಗಿದಳು. ಕೊಡೆ ಬಿಚ್ಚಿಟ್ಟಳು. ಆಮೇಲೆ ಮಂಚದ ಹತ್ತಿರ ಕುಕ್ಕರಿಸಿ, ತಾನೇ ಕಟ್ಟಿದ್ದ ಬಟ್ಟೆಯ ಗಂಟನ್ನೂ ಬಿಚ್ಚಿ, ಸೀರೆಗಳನ್ನು ಮತ್ತೆ ಗೂಡಿಗೆ ಜೋಡಿಸಿದಳು. “ಅಮ್ಮ ಇಲ್ಲೇ ಇರಲಿ ಬಿಡಪ್ಪ. ಸಂಜೆ ಹೊತ್ತು ನಾನು ಬರ್ತೀನಿ. ಇಷ್ಟೇ ತಾನೇ ಅಮ್ಮಾ?”

ತಾಯಿ ಇಲ್ಲವೆಂದು ತಲೆ ಆಡಿಸಿದಳು. “ಬಿಚ್ಚು.”

ಅಪ್ಪ ಮಗಳ ಮುಖ ನೋಡಿದ, ಮಗಳು ಅಪ್ಪನ ಮುಖ ನೋಡಿದಳು. ಈಗ ಹುಡುಕುವವರು ಇಬ್ಬರಾದರು.