ಜೂನ್ ಒಂದರಂದು ಹುಟ್ಟಿದವರು

ತಿಮ್ಮರಾಜು ನಿವೃತ್ತನಾದದ್ದು ತನ್ನದಲ್ಲದ ಹುಟ್ಟುಹಬ್ಬಕ್ಕೆ ಒಂದು ದಿನ ಮೊದಲು. ದಾಖಲೆಯ ಪ್ರಕಾರ ಅವನು ಹುಟ್ಟಿದ್ದು ಜೂನ್ ಒಂದು, ಸಾವಿರದ ಒಂಬೈನೂರ ಅರವತ್ತೈದು. ತಿಂಗಳ ಮೊದಲ ತಾರೀಖಿಗೆ ಹುಟ್ಟಿದವರನ್ನು ಹಿಂದಿನ ತಿಂಗಳ ಕೊನೆಯ ದಿನವೇ ಮನೆಗೆ ಕಳಿಸುವುದು ನಿಯಮ. ಹಾಗಾಗಿ ಮೇ ಮೂವತ್ತೊಂದರ ಸಂಜೆ ಪಾಲಹಳ್ಳಿ ಗ್ರಂಥಾಲಯದಲ್ಲಿ ಅವನಿಗೆ ಶಾಲು ಹೊದಿಸಿ, ಕೈಗೊಂದು ಹಣ್ಣಿನ ಬುಟ್ಟಿ ಕೊಟ್ಟು, ನಾಲ್ಕು ಜನ ನಾಲ್ಕು ಮಾತಾಡಿ, ಫೋಟೊ ತೆಗೆದು ಮುಗಿಸಿದರು.

ಆ ಜೂನ್ ಒಂದು ಬಂದದ್ದು ಹೊಣಕೆರೆಯ ಶಾಲೆಯಿಂದ. ಸೇರಿಸಲು ಅಪ್ಪ ಕರೆದುಕೊಂಡು ಹೋದ ದಿನ ಮೇಷ್ಟ್ರು, ಬಲಗೈಯನ್ನು ನೆತ್ತಿಯ ಮೇಲಿಂದ ತಂದು ಎಡಗಿವಿ ಮುಟ್ಟು ಎಂದಿದ್ದರು. ಬೆರಳು ಕಿವಿಗೆ ತಾಗಿತು. ತಾಗಿದರೆ ಆರು ವರ್ಷ ತುಂಬಿದೆ ಎಂದರ್ಥ. ಹುಟ್ಟಿದ ದಿನ ಯಾವುದೆಂದು ಮೇಷ್ಟ್ರು ಕೇಳಲಿಲ್ಲ, ಅಪ್ಪ ಹೇಳಲಿಲ್ಲ. ಶಾಲೆಯ ಬಾಗಿಲು ತೆರೆಯುವುದು ಜೂನ್ ಒಂದಕ್ಕೆ. ಅಂದು ಸಾಲಿನಲ್ಲಿ ನಿಂತಿದ್ದ ಹನ್ನೊಂದು ಮಕ್ಕಳೂ ಅವತ್ತೇ ಹುಟ್ಟಿದರು. ಆ ಕಾಲದಲ್ಲಿ ಸುತ್ತಮುತ್ತಲ ಊರುಗಳಲ್ಲೆಲ್ಲ ಹೀಗೇ. ಮದುವೆಯಾಗಿ ಬಂದ ಲಲಿತಮ್ಮನ ಏಳನೇ ತರಗತಿಯ ಟಿಸಿಯಲ್ಲಿಯೂ ಅದೇ ತಾರೀಖಿತ್ತು.

ಪ್ರತಿ ಜೂನ್ ಒಂದಕ್ಕೆ ಶ್ರೀರಂಗಪಟ್ಟಣದ ಬೇಕರಿಯಿಂದ ಎರಡು ಬೆಣ್ಣೆ ಬನ್ನು ತಂದು ಗಂಡ ಹೆಂಡತಿ ಟೀಗೆ ಅದ್ದಿ ತಿನ್ನುತ್ತಿದ್ದರು. ಮನೆಯಲ್ಲಿ ಮೂರನೆಯವರು ಇರಲಿಲ್ಲ, ಮಕ್ಕಳಾಗಲಿಲ್ಲ. "ಇಬ್ರಿಗೂ ಒಂದೇ ದಿನ ಸಾಲಕ್ಕಿಲ್ಲ. ಇದು ನಂಗಿರ್ಲಿ, ನೀವು ನಿಮ್ದು ಉಡಿಕ್ಕಳಿ" ಎಂದು ಅವಳು ವರ್ಷವೂ ಚುಡಾಯಿಸುತ್ತಿದ್ದಳು. ಹುಡುಕುತ್ತೇನೆ ಎಂದು ಅವನು ವರ್ಷವೂ ಹೇಳುತ್ತಿದ್ದ. ಲಲಿತಮ್ಮ ಹೋಗಿ ಆರು ವರ್ಷವಾಯಿತು. ಅವಳು ಹೋದ ಮೇಲೆ ಆ ದಿನ ನಿಜವಾಗಿಯೂ ಅವಳದೇ ಆಯಿತು. ಅದರಲ್ಲಿ ತಾನೂ ಪಾಲು ಕೇಳುವುದು ಅವನಿಗೆ ಕದ್ದಂತೆ ಅನಿಸತೊಡಗಿತು.

ಇದರಲ್ಲಿ ತಮಾಷೆಯೆಂದರೆ, ಪಾಲಹಳ್ಳಿಯಲ್ಲಿ ತಾರೀಖುಗಳ ಯಜಮಾನ ಅವನೇ. ಗ್ರಂಥಾಲಯದ ಬಾಗಿಲ ಪಕ್ಕ ಒಂದು ಕಪ್ಪು ಹಲಗೆ. ಇಪ್ಪತ್ತೆರಡು ವರ್ಷ, ದಿನವೂ ಬೆಳಿಗ್ಗೆ ಬೀಗ ತೆಗೆದ ಕೂಡಲೇ ಅವನು ಅದರ ಮೇಲೆ 'ಇತಿಹಾಸದಲ್ಲಿ ಈ ದಿನ' ಎಂದು ಬರೆದು ಕೆಳಗೆ ಮೂರು ನಾಲ್ಕು ಸಾಲು ತುಂಬಿಸುತ್ತಿದ್ದ. ಪೇಪರಿನ ತುಣುಕುಗಳಿಂದ, ಸ್ಪರ್ಧಾ ಪರೀಕ್ಷೆಯ ಪುಸ್ತಕಗಳಿಂದ ಆರಿಸಿ ದಪ್ಪ ರಿಜಿಸ್ಟರಿನಲ್ಲಿ ಇಳಿಸಿಕೊಂಡಿದ್ದ. ಒಂದು ದಿನಕ್ಕೆ ಒಂದು ಹಾಳೆ, ಮುನ್ನೂರ ಅರವತ್ತಾರು ಹಾಳೆ. ಬಡಗಿಯ ಮಗನಾದ್ದರಿಂದ ಹೊಲಿಗೆ, ರಟ್ಟು ಎಲ್ಲ ಅವನದೇ ಕೈಕೆಲಸ. ಪೇಪರ್ ಓದಲು ಬರುವವರು ಹಲಗೆಯ ಕಡೆ ಕಣ್ಣು ಹಾಯಿಸಿ ಒಳಗೆ ಹೋಗುತ್ತಿದ್ದರು, ಅಷ್ಟೇ. ಮೇ ನಾಲ್ಕರಂದು ಮಾತ್ರ ಜನ ನಿಂತು ಓದುತ್ತಿದ್ದರು. ಶ್ರೀರಂಗಪಟ್ಟಣದ ಕೋಟೆ ಬಿದ್ದ ದಿನ. ಕೋಟೆ ಹತ್ತಿರದ್ದೇ, ಹಾಗಾಗಿ ಎಲ್ಲರಿಗೂ ಅದರ ಬಗ್ಗೆ ಅವನಿಗಿಂತ ಹೆಚ್ಚು ಗೊತ್ತಿರುತ್ತಿತ್ತು.

ರಿಜಿಸ್ಟರಿನಲ್ಲಿ ಒಂದೇ ಒಂದು ಹಾಳೆ ಖಾಲಿ, ನವೆಂಬರ್ ಹದಿನೆಂಟು. ಆ ದಿನ ಜಗತ್ತಿನಲ್ಲಿ ಎಲ್ಲೂ ಏನೂ ಆಗಿರಲಿಕ್ಕಿಲ್ಲ ಎಂದಲ್ಲ. ಅವನ ಕೈಗೆ ಸಿಕ್ಕ ಯಾವ ಪುಸ್ತಕದಲ್ಲೂ ಏನೂ ಬಂದಿರಲಿಲ್ಲ, ಅವನಿಗೂ ಆಮೇಲೆ ಹುಡುಕುವುದು ಬೇಸರವಾಯಿತು. ಆ ಬೆಳಿಗ್ಗೆ 'ಓದುವಾಗ ಮೌನವಾಗಿರಿ' ಎಂದು ಬರೆದು ಸುಮ್ಮನಾಗುತ್ತಿದ್ದ.

ಬೀಳ್ಕೊಡುಗೆ ಮುಗಿದು ಎಲ್ಲರೂ ಹೋದ ಮೇಲೆ ಅವನ ಜಾಗಕ್ಕೆ ಬಂದ ಶ್ವೇತ ಎಂಬ ಹುಡುಗಿ ಬೀಗದ ಕೈ ತೆಗೆದುಕೊಳ್ಳುತ್ತಾ, ಬೋರ್ಡಿಗೆ ಬರೆಯುವುದನ್ನೆಲ್ಲ ತನಗೂ ಕೊಡುತ್ತೀರಾ ಎಂದು ಕೇಳಿದಳು. ನಾಳೆಯೊಂದು ದಿನ ಬಿಡು, ನಾಳಿದ್ದು ಪುಸ್ತಕವನ್ನೇ ತಂದು ಕೊಡುತ್ತೇನೆ ಎಂದ. ಆ ಒಂದು ದಿನ ಅವನಿಗೆ ಬೇಕಿತ್ತು.

ಜೂನ್ ಒಂದರ ಬೆಳಿಗ್ಗೆ ಏಳುವಷ್ಟರಲ್ಲಿ ಮೂರು ಶುಭಾಶಯ ಬಂದಿದ್ದವು: ಬ್ಯಾಂಕಿನಿಂದ, ವಿಮೆಯವರಿಂದ, ಮೊಬೈಲ್ ಕಂಪನಿಯಿಂದ. ಹಲಗೆಗೆ ಇವತ್ತು ಏನು ಬರೆಯಬೇಕಿತ್ತೆಂದು ಅವನಿಗೆ ಬಾಯಲ್ಲೇ ಬರುತ್ತಿತ್ತು. ಸಾವಿರದ ಎಂಟುನೂರ ಎಪ್ಪತ್ತನಾಲ್ಕು, ಈಸ್ಟ್ ಇಂಡಿಯಾ ಕಂಪನಿ ಮುಚ್ಚಿಹೋಯಿತು. ಸಾವಿರದ ಒಂಬೈನೂರ ಮೂವತ್ತು, ಡೆಕ್ಕನ್ ಕ್ವೀನ್ ರೈಲು ಓಡಿತು. ಎರಡು ಸಾವಿರದ ಒಂದು, ನೇಪಾಳದ ಅರಮನೆಯಲ್ಲಿ ರಾಜನ ಕುಟುಂಬದ ಕೊಲೆಯಾಯಿತು. ಕೋಟೆ ಗೆದ್ದ ಕಂಪನಿಗೂ, ಓಡಿದ ರೈಲಿಗೂ, ಸತ್ತ ರಾಜನಿಗೂ ಒಂದೊಂದು ಖಚಿತವಾದ ದಿನವಿದೆ. ಬರೆಯಲು ಹಲಗೆ ಇರಲಿಲ್ಲ. ಬನ್ನು ತರಲು ಮನಸ್ಸಾಗಲಿಲ್ಲ. ರಿಜಿಸ್ಟರನ್ನು ಬಟ್ಟೆಯ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದ.

ಅವನು ಹುಟ್ಟಿದಾಗ ಹೊಣಕೆರೆಯ ಮನೆಯಲ್ಲಿದ್ದವರ ಪೈಕಿ ಉಳಿದಿದ್ದದ್ದು ಒಬ್ಬಳೇ, ಅಪ್ಪನ ತಂಗಿ ಬೆಟ್ಟಮ್ಮ. ತೊಣ್ಣೂರಿನಲ್ಲಿ ಮಗ ಲಕ್ಷ್ಮಣನ ಮನೆಯಲ್ಲಿದ್ದಳು. ಎಂಬತ್ತು ದಾಟಿದ್ದರೂ ಕಿವಿ ಚುರುಕು, ನಾಲಿಗೆ ಇನ್ನೂ ಚುರುಕು. ಹೋದ ದೀಪಾವಳಿಯಲ್ಲಿ ಜಾರಿ ಬಿದ್ದ ಮೇಲೆ ನಡುಮನೆಯ ಮಂಚ ಬಿಟ್ಟು ಹೆಚ್ಚು ಓಡಾಡುತ್ತಿರಲಿಲ್ಲ. ಅವಳೂ ಹೋದರೆ ಕೇಳಲು ಯಾರೂ ಇಲ್ಲ. ಇಷ್ಟು ವರ್ಷ ಕೇಳದೆ ಯಾಕೆ ಬಿಟ್ಟೆ ಎಂದು ಪಾಂಡವಪುರದಲ್ಲಿ ಬಸ್ಸು ಬದಲಿಸುವಾಗ ತನ್ನನ್ನೇ ಕೇಳಿಕೊಂಡ.

ತೊಣ್ಣೂರಿನ ಮನೆಯ ಬಾಗಿಲಿಗೆ ಬಣ್ಣದ ಕಾಗದದ ಮಾಲೆ ಕಟ್ಟಿತ್ತು. ಲಕ್ಷ್ಮಣ ಯಾರದೋ ಮನೆಗೆ ಬಾಗಿಲು ಕೂರಿಸಲು ಕೆ.ಆರ್. ಪೇಟೆಗೆ ಹೋಗಿದ್ದಾನೆಂದೂ, ಸಂಜೆ ಬಂದ ಕೂಡಲೇ ಕೇಕ್ ಕತ್ತರಿಸುವುದೆಂದೂ ಅವನ ಮೊಮ್ಮಗಳು ಹರ್ಷಿತ ಹೇಳಿದಳು. ಲಕ್ಷ್ಮಣನೂ ಶಾಲೆಯ ಲೆಕ್ಕದಲ್ಲಿ ಜೂನ್ ಒಂದರವನೇ.

ತಿಮ್ಮರಾಜು ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕೂತ. ಯಾವಾಗ ಎಂದು ಕೇಳಿದರೆ ಹಳಬರು ಹೇಳುವುದಿಲ್ಲ, ಏನಾಗಿತ್ತು ಎಂದು ಕೇಳಬೇಕು. ತಾರೀಖನ್ನು ಆಮೇಲೆ ಪುಸ್ತಕದಿಂದ ತೆಗೆಯಬಹುದು. ಬಸ್ಸಿನಲ್ಲಿ ಅಷ್ಟೂ ದೂರ ಯೋಚಿಸಿ ಇಟ್ಟುಕೊಂಡಿದ್ದ ಉಪಾಯ ಅದು. ಯೋಗಕ್ಷೇಮವೆಲ್ಲ ಮುಗಿದ ಮೇಲೆ, ಹೊಣಕೆರೆ ಮನೆಯಲ್ಲಿ ಗಂಡು ಹುಟ್ಟಿತಲ್ಲ, ಅವತ್ತು ಊರಿನಲ್ಲಿ ಏನು ವಿಶೇಷ ಎಂದು ಬೇರೆ ಯಾವುದನ್ನೋ ಕೇಳುವವನಂತೆ ಕೇಳಿದ.

ಬೆಟ್ಟಮ್ಮ ಒಂದು ಕ್ಷಣವೂ ತಡೆಯಲಿಲ್ಲ. "ಮರ್ತಾದಾ? ಚೌಡಯ್ಯನ ಅಂಗ್ಡಿ ರೇಡಿಯಾದಲ್ಲಿ ಒತ್ತಾರೆಯಿಂದ ಬರೀ ಓಲಗ, ಅದೂ ಅಳೋ ಓಲಗ. ಪ್ರಧಾನಿ ಓಗ್ಬುಟ್ರಂತೆ ಅಂದ್ರು. ಇಸ್ಕೂಲ್ ಬುಟ್ಬುಟ್ರು. ಐಕಳೆಲ್ಲ ಕುಣ್ಕಂಡ್ ಬಂದೊ."

ತಿಮ್ಮರಾಜು ಸ್ಟೂಲನ್ನು ಇನ್ನಷ್ಟು ಹತ್ತಿರ ಎಳೆದುಕೊಂಡ. ಆ ಕಾಲದಲ್ಲಿ ಇಬ್ಬರು ಪ್ರಧಾನಿಗಳು ಹೋಗಿದ್ದರು. ನೆಹರೂ, ಅರವತ್ತನಾಲ್ಕರ ಮೇ ಇಪ್ಪತ್ತೇಳು. ಶಾಸ್ತ್ರಿ, ಅರವತ್ತಾರರ ಜನವರಿ ಹನ್ನೊಂದು. ಯಾವ ಪ್ರಧಾನಿ ಎಂದು ಕೇಳಿದರೆ ಪ್ರಯೋಜನವಿಲ್ಲ.

"ಅವಾಗ ಮನೇಲಿ ಮಾವಿನಣ್ಣಿತ್ತಾ, ಅವರೆಕಾಯಿತ್ತಾ ಅತ್ತೆ?"

"ಅವರೆಕಾಯಿ. ನಡುಮನೆ ತುಂಬಾ ಸೊಗಡೇ ಸೊಗಡು. ಬಾಣಂತಿಗೆ ವಾಯು ಅಂತ ನಮ್ಮವ್ವ ಒಂದು ಕಾಳೂ ಕೊಡ್ನಿಲ್ಲ."

ಜನವರಿ ಹನ್ನೊಂದು. ಅವನು ಚೀಲದಿಂದ ರಿಜಿಸ್ಟರು ತೆಗೆದು ಆ ಹಾಳೆ ಬಿಡಿಸಿದ. ಶಾಸ್ತ್ರಿಯವರ ಸಾಲು ಅಲ್ಲಿತ್ತು, ಮಾಸಿದ ನೀಲಿ ಶಾಯಿಯಲ್ಲಿ. ಇಪ್ಪತ್ತೆರಡು ಸಲ ಇದನ್ನೇ ಹಲಗೆಯ ಮೇಲೆ ಬರೆದಿದ್ದೇನೆ, ನನ್ನ ಹುಟ್ಟುಹಬ್ಬದ ದಿನ ನಾನೇ ಸೀಮೆಸುಣ್ಣ ಹಿಡಿದು ನಿಂತಿದ್ದೆ, ಬೆರಳು ಒರೆಸಿಕೊಂಡು ಒಳಗೆ ಹೋಗಿದ್ದೆ. ಅದನ್ನು ಲಲಿತಳಿಗೆ ಹೇಳಬೇಕೆನಿಸಿತು. ಎಷ್ಟು ಜೋರಾಗಿ ಅನಿಸಿತೆಂದರೆ, ಹೇಳಲು ಅವಳಿಲ್ಲವೆಂಬುದು ಹೊಸ ಸುದ್ದಿಯಂತೆ ಬಂದು ತಾಗಿತು. ಆದರೂ ಜೇಬಿನಿಂದ ಪೆನ್ನು ತೆಗೆದು ಆ ಸಾಲಿನ ಕೆಳಗೆ ಬರೆದ: ಅದೇ ದಿನ, ಹೊಣಕೆರೆಯಲ್ಲಿ ತಿಮ್ಮರಾಜು ಜನನ. ತನ್ನ ಹೆಸರು ಆ ಪುಸ್ತಕದಲ್ಲಿ ಕೂತದ್ದನ್ನು ನೋಡುತ್ತಾ ಸ್ವಲ್ಪ ಹೊತ್ತು ಹಾಗೇ ಇದ್ದ. ಬಹಳ ವರ್ಷಗಳಿಂದ ಅವನು ಅಷ್ಟು ಸುಖವಾಗಿ ಒಂದು ಕಡೆ ಕೂತಿರಲಿಲ್ಲ.

ಹರ್ಷಿತ ಟೀ ತಂದಳು. ಬೆಟ್ಟಮ್ಮ ಲೋಟ ಊದಿಕೊಳ್ಳುತ್ತಾ ಕಥೆಯನ್ನು ಮುಂದುವರಿಸಿದ್ದಳು. ಅವ್ವ ಕೊಟ್ಟಿಗೆಗೆ ಹೋದಾಗ ಬೋಗುಣಿಗೆ ಕೈ ಹಾಕಿ ಎರಡು ಹಿಡಿ ಹಿತಕಿದ ಬೇಳೆ ತಿಂದಳಂತೆ. ರಾತ್ರಿಯೆಲ್ಲ ಮಗು ಹೊಟ್ಟೆ ಹಿಡಿದುಕೊಂಡು ಚೀರಿತಂತೆ.

"ನೀನ್ ತಿಂದ್ರೆ ಮಗೀಗ್ಯಾಕ್ ನೋವತ್ತೆ?" ಎಂದ ತಿಮ್ಮರಾಜು ನಗುತ್ತಾ.

"ನಾನಲ್ವೇನ್ಲಾ ಬಾಣಂತಿ? ನನ್ನಾಲಲ್ವಾ ಕುಡೀತಿದ್ದಿದ್ದು? ನಮ್ ಲಕ್ಷ್ಮಣ ಉಟ್ಟಿದ್ ಕೇಳ್ದೆ, ಏಳ್ತಾ ಇವ್ನಿ."

ಹರ್ಷಿತ ಪಕ್ಕದಲ್ಲೇ ನಿಂತು, ಅಜ್ಜಿ ಈ ಅವರೆಕಾಯಿ ಕಥೆಯನ್ನು ನೂರು ಸಲ ಹೇಳಿದೆ, ತಾತನಿಗೆ ಮಾತ್ರ ಜನವರಿ ಬೇಡವಂತೆ, ಜೂನೇ ಸಾಕಂತೆ ಎಂದು ನಕ್ಕಳು. ತಿಮ್ಮರಾಜು ರಿಜಿಸ್ಟರನ್ನು ತೊಡೆಯ ಮೇಲೆ ಮುಚ್ಚಿಟ್ಟ. ಚೊಚ್ಚಲ ಬಾಣಂತನಕ್ಕೆ ಅತ್ತೆ ತವರಿಗೆ ಬಂದಿರುತ್ತಾಳೆ ಎಂಬ ಸಾಧಾರಣ ಮಾತು, ಇಷ್ಟೆಲ್ಲ ಯೋಚಿಸಿದವನಿಗೆ ಹೊಳೆದಿರಲಿಲ್ಲ. ಉಪಾಯ ಮಾಡದೆ ನೇರವಾಗಿ ಕೇಳಬೇಕಿತ್ತು.

"ನಂದು, ಅತ್ತೆ?"

"ನಿಂದಾ? ನಿಂಗ್ಯಾಕ್ಲಾ ಈಗ? ಪಿಂಚಣಿಗಾ?"

"ಇಲ್ಲ. ನಂಗೇ ಬೇಕು."

ಅವನ ದನಿಯಲ್ಲಿ ಏನು ಕೇಳಿಸಿತೋ, ಬೆಟ್ಟಮ್ಮ ಲೋಟ ಕೆಳಗಿಟ್ಟಳು. ಅವನು ಹುಟ್ಟಿದ್ದು ಲಕ್ಷ್ಮಣನಿಗಿಂತ ಮುಂಚೆ; ಅದೇ ಸುಗ್ಗಿಯೋ ಹಿಂದಿನ ಸುಗ್ಗಿಯೋ ನೆನಪಿಲ್ಲ, ರಾಗಿ ಕೊಯ್ಯುವ ಕಾಲ ಎನ್ನುವುದು ಮಾತ್ರ ನೆನಪಿದೆ ಎಂದಳು. ಎಲ್ಲರೂ ಹೊಲಕ್ಕೆ ಹೋಗಿದ್ದರು. ಅವನ ಅಪ್ಪ ಜಗಲಿಯ ಮೇಲೆ ಊರವರ ಕುಡುಗೋಲುಗಳಿಗೆ ಹಿಡಿ ಹಾಕುತ್ತಾ ಕೂತಿದ್ದ.

"ಗಂಡು ಅಂತ ನಾನೇ ಓಗಿ ಏಳ್ದೆ. ಆಯ್ತು ಅಂದ. ಇನ್ನೂ ಆರು ಇಡಿ ಆಕ್ಬೇಕು ಅಂದ."

ತಿಮ್ಮರಾಜು ಬಿಡಲಿಲ್ಲ. ಒಂದೊಂದಾಗಿ ಕೇಳಿದ. ಮಳೆ ಬಂದಿತ್ತೇ? ಇಲ್ಲ. ಗ್ರಹಣ? ಇಲ್ಲ. ಯಾವುದಾದರೂ ಕೆರೆ ಕೋಡಿ ಬಿದ್ದಿತ್ತೇ, ಯಾರದಾದರೂ ಮದುವೆ, ಸಾವು? ರೇಡಿಯೋದಲ್ಲಿ ಯುದ್ಧದ ಮಾತು? ನಾಗಮಂಗಲದ ಸಂತೆಗೆ ಯಾರಾದರೂ ಹೋಗಿದ್ದರೇ? ಬೆಟ್ಟಮ್ಮ ಪ್ರತಿ ಪ್ರಶ್ನೆಗೂ ಕಣ್ಣು ಮುಚ್ಚಿ ನಿಜವಾಗಿಯೂ ಹುಡುಕಿದಳು. ಪ್ರತಿ ಸಲವೂ ಬರಿಗೈಯಲ್ಲಿ ವಾಪಸು ಬಂದಳು.

"ಅವತ್ತು ಏನೂ ಆಗ್ನಿಲ್ಲ ಕಣ್ಲಾ ತಿಮ್ಮ," ಎಂದಳು ಕೊನೆಗೆ, ತಪ್ಪು ತನ್ನದೇ ಎಂಬಂತೆ. "ನೀನುಟ್ಟೆ. ಅಷ್ಟೇಯ."

ಸಂಜೆಯ ತನಕ ಇರು, ನೀವಿಬ್ಬರೂ ಸೇರಿ ಕೇಕ್ ಕತ್ತರಿಸಿ ಎಂದು ಅವಳೂ ಹರ್ಷಿತಳೂ ಬಲವಂತ ಮಾಡಿದರು. ಗೊತ್ತಿದ್ದರೆ ನಿಮ್ಮ ಹೆಸರನ್ನೂ ಕೇಕಿನ ಮೇಲೆ ಬರೆಸಬಹುದಿತ್ತು ಎಂದು ಹರ್ಷಿತ ಪೇಚಾಡಿಕೊಂಡಳು. ಅವನು ಬಸ್ಸಿನ ನೆಪ ಹೇಳಿ ಎದ್ದ. ಹೊರಡುವ ಮುಂಚೆ ಜನವರಿ ಹನ್ನೊಂದರ ಹಾಳೆ ತೆಗೆದು 'ತಿಮ್ಮರಾಜು' ಎಂಬುದರ ಮೇಲೆ ಒಂದು ಗೆರೆ ಎಳೆದು, ಮೇಲೆ 'ಲಕ್ಷ್ಮಣ' ಎಂದು ಬರೆದ. ಅದು ನಿಜವಾದ ಮಾಹಿತಿ, ಹೊಡೆದು ಹಾಕಲು ಮನಸ್ಸು ಬರಲಿಲ್ಲ.

ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು. ಕೆರೆಯ ಏರಿಯ ಮೇಲೆ ಕಲ್ಲಿನ ಮೇಲೆ ಕೂತ. ಬಿಸಿಲಿಗೆ ನೀರು ಕಣ್ಣು ಕುಕ್ಕುತ್ತಿತ್ತು, ಆಚೆ ದಡದಲ್ಲಿ ಯಾರೋ ಬಟ್ಟೆ ಒಗೆಯುವ ಸದ್ದು ಸ್ವಲ್ಪ ತಡವಾಗಿ ಬಂದು ಮುಟ್ಟುತ್ತಿತ್ತು. ರಿಜಿಸ್ಟರಿನಲ್ಲಿ ರಾಗಿ ಕೊಯ್ಯುವ ಕಾಲದ ಹಾಳೆಗಳನ್ನು ಒಂದೊಂದೇ ತಿರುವಿದ. ಯಾರೋ ಹುಟ್ಟಿದ್ದರು, ಯಾರೋ ಪಟ್ಟಕ್ಕೆ ಬಂದಿದ್ದರು, ಎಲ್ಲೋ ಹಡಗು ಮುಳುಗಿತ್ತು, ಯಾವುದೋ ದೇಶ ಎರಡಾಗಿತ್ತು. ಏನೂ ಆಗದ ದಿನ ಅವುಗಳಲ್ಲಿ ಒಂದೂ ಇರಲಿಲ್ಲ, ಆ ಒಂದನ್ನು ಬಿಟ್ಟರೆ. ನವೆಂಬರ್ ಹದಿನೆಂಟು ಎಂಬ ತಲೆಬರಹದ ಕೆಳಗೆ ಬರೀ ಗೆರೆಗಳು. ಇಷ್ಟು ವರ್ಷ ಅದನ್ನು ಕಂಡಾಗಲೆಲ್ಲ ಅವನಿಗೆ ತನ್ನ ಸೋಮಾರಿತನ ನೆನಪಾಗಿ ನಾಚಿಕೆಯಾಗುತ್ತಿತ್ತು. ಈಗ ಆ ಗೆರೆಗಳ ಮೇಲೆ ಅಂಗೈ ಇಟ್ಟು, ಬಸ್ಸಿನ ಹಾರನ್ನು ಕೇಳಿಸುವವರೆಗೂ ತೆಗೆಯಲಿಲ್ಲ.

ಮಾರನೆಯ ಬೆಳಿಗ್ಗೆ ಪುಸ್ತಕ ಹಿಡಿದು ಗ್ರಂಥಾಲಯಕ್ಕೆ ಹೋದ. ಹಲಗೆಯ ಮೇಲೆ ಇನ್ನೂ ಮೇ ಮೂವತ್ತೊಂದೇ ಇತ್ತು, ಅವನದೇ ಅಕ್ಷರ, ಅಹಲ್ಯಾಬಾಯಿ ಹೋಳ್ಕರ್ ಹುಟ್ಟಿದ ದಿನ. ಶ್ವೇತ ಅದನ್ನು ಒರೆಸಿ, ರಿಜಿಸ್ಟರು ನೋಡಿಕೊಂಡು ಜೂನ್ ಎರಡನ್ನು ಬರೆದಳು. ಅಕ್ಷರ ದುಂಡಗಿತ್ತು, ಸಾಲು ಮಾತ್ರ ಬಲಕ್ಕೆ ಹೋಗುತ್ತಾ ಮೇಲೇರುತ್ತಿತ್ತು. ತಿದ್ದಲು ಹೋಗದೆ ತಿಮ್ಮರಾಜು ಒಳಗೆ ಬೆಂಚಿನ ಮೇಲೆ ಕೂತು, ಬೇರೆ ಓದುಗರಂತೆ, ಪಕ್ಕದವನು ಪೇಪರಿನ ನಡುವಿನ ಹಾಳೆ ಬಿಡುವುದನ್ನೇ ಕಾಯತೊಡಗಿದ.

ಮೇಜಿನ ಹಿಂದೆ ಶ್ವೇತ ಪುಸ್ತಕ ತಿರುವುತ್ತಿದ್ದಳು. ತಿರುವುತ್ತಾ ನಿಂತಳು. ಹಾಳೆಯನ್ನು ಬೆಳಕಿಗೆ ಹಿಡಿದು, ಹೊಲಿಗೆಯ ಹತ್ತಿರ ಬೆರಳಾಡಿಸಿದಳು.

"ಸಾರ್, ಇಲ್ಲೊಂದು ಆಳೆ ಇಲ್ಲ. ನವೆಂಬರ್ ಅದಿನೇಳಾದ್ಮೇಲೆ ಅತ್ತೊಂಬತ್ತೇ ಬಂದೈತೆ. ಯಾರೋ ಬ್ಲೇಡಲ್ಲಿ ಕುಯ್ದವ್ರೆ."

ತಿಮ್ಮರಾಜುವಿನ ಕೈ ಅಂಗಿಯ ಜೇಬಿನ ಮೇಲೆ ಹೋಯಿತು. ನಾಲ್ಕು ಮಡಿಕೆಯ ಕಾಗದ ಅಲ್ಲಿ ಸ್ವಲ್ಪ ಉಬ್ಬಿಕೊಂಡಿತ್ತು.

"ಅವತ್ತು ಬೋರ್ಡ್ ಒರ್ಸಿ ಅಂಗೇ ಬುಡಮ್ಮ," ಎಂದ. "ಏನೂ ಬರೀಬ್ಯಾಡ."

ಪಕ್ಕದವನು ಪೇಪರಿನ ನಡುವಿನ ಹಾಳೆ ಬಿಟ್ಟುಕೊಟ್ಟ.