ಒಳಕೋಣೆಯ ಹೂಂ

"ವೈನಿ, ನಿಮ್ಮದು ಹೂಂ ಹೌದಲ್ರಿ?" ಎಂದು ಕಲ್ಯಾಣಪ್ಪ ಒಳಕೋಣೆಯ ಕಡೆ ತಿರುಗದೆಯೇ ಕೇಳಿದ. ಉತ್ತರಕ್ಕೆ ಕಾಯುವ ಅಭ್ಯಾಸ ಅವನಿಗಿರಲಿಲ್ಲ. ಅಫಜಲಪುರದ ಈ ಬೇಳೆ ಮಿಲ್ಲಿನ ಕಂಪನಿಯಲ್ಲಿ ಅರ್ಧ ಪಾಲು ಅವನದು, ಇನ್ನರ್ಧ ತೀರಿಹೋದ ಅಣ್ಣನ ಹೆಂಡತಿ ಸುಂದರಬಾಯಿಯದು. ಸಭೆ ಸೇರಿದಾಗ ಗಂಡಸರು ಗಾದಿಯ ಮೇಲೆ, ಅವಳು ಬಾಗಿಲ ಹಿಂದೆ. ಒಳಗಿನಿಂದ ಸದ್ದು ಬರದಿದ್ದರೆ ಅದನ್ನೇ ಒಪ್ಪಿಗೆ ಎಂದು ಹಿಡಿಯುವುದು ಆ ಮನೆತನದ ರಿವಾಜು. ಇಂದಿನ ಠರಾವು ಆಡಳಿತದಿಂದ ಅವಳನ್ನೇ ಇಳಿಸಿ, ಕಲ್ಯಾಣಪ್ಪನ ಮಗ ಅಮರನಾಥನನ್ನು ಕೂರಿಸುವುದು. ಅವಳು ಬೇಡವೆಂದರೆ ಠರಾವು ಬಿದ್ದಂತೆ.

"ಒಂದ್ ನಿಮಿಷ ನಿಂದರ್ರಿ ಕಾಕಾ," ಎಂದು ಸುಂದರಬಾಯಿಯ ಮಗಳು ಸುನಿತಾ ಹೊಸ್ತಿಲು ದಾಟಿದಳು. "ಸುಮ್ ಕುಂತ್ರ ಹೂಂ ಅಂದಂಗ ಅಲ್ರಿ. ಅವ್ವ ಕೈ ಎತ್ತಿ ಹೇಳ್ತಾಳ."

ಲಂಡನ್ನಿನಲ್ಲಿ ಕಂಪನಿ ಆಡಳಿತದ ಕಾನೂನಿನಲ್ಲಿ ಎಲ್‌ಎಲ್‌ಎಂ ಓದುತ್ತಿದ್ದ ಸುನಿತಾ ರಜೆಗೆಂದು ಬಂದಿದ್ದಳು. ಹಿಂದೆ ಜಪಾನಿನಲ್ಲಿ ಷೇರುದಾರರ ಸಭೆಗಳಿಗೆ ಗೂಂಡಾಗಳು ನುಗ್ಗಿ ಪ್ರಶ್ನೆ ಕೇಳುವವರ ಬಾಯಿ ಮುಚ್ಚಿಸುತ್ತಿದ್ದರೆಂದು ಓದಿದಾಗ ಗೆಳತಿಯರೊಂದಿಗೆ ನಕ್ಕಿದ್ದಳು. ಓದಿದವರ ಭೋಳೆತನ ನೋಡಿ! ನಿನ್ನೆಯೆಲ್ಲ ಕೂತು ತಾಯಿಗೆ, "ನೀ ಬರೇ ಕೈ ಎತ್ತವ್ವಾ, ಮುಂದಿಂದು ಕಾಯ್ದೆ ನೋಡ್ಕೋತದ" ಎಂದು ಕಲಿಸಿದ್ದಳು.

ಅಮರನಾಥ ಕಾಯ್ದೆ ಬರುವ ತನಕ ತಾಳಲಿಲ್ಲ. ಎದ್ದವನೇ ಸುನಿತಾಳ ಜಡೆ ಹಿಡಿದೆಳೆದು ತಲೆಯನ್ನು ಬಾಗಿಲ ಚೌಕಟ್ಟಿಗೆ ಅಪ್ಪಳಿಸಿದ. ಹುಬ್ಬು ಒಡೆದು ರಕ್ತ ಕಣ್ಣಿಗಿಳಿಯಿತು. "ನಮಗ ಕಲಸಾಕ ಬಂದೀಯೇನ್ ಬೇ?" ಬಿದ್ದವಳ ಹೊಟ್ಟೆಗೆ ಒದ್ದ. ಮತ್ತೆ ಒದ್ದ. ಸಭೆಯ ನಡಾವಳಿ ಬರೆಯಲು ಬಂದಿದ್ದ ಗುಮಾಸ್ತ ಅನೀಲಕುಮಾರ, "ಬಿಡ್ರಿ ಸಾವ್ಕಾರ" ಎಂದನೇ ಹೊರತು ಕೂತಲ್ಲಿಂದ ಏಳಲಿಲ್ಲ. ಕಲ್ಯಾಣಪ್ಪ ಎಲೆಗೆ ಸುಣ್ಣ ಹಚ್ಚುತ್ತಿದ್ದ.

ಆಗ ಸುಂದರಬಾಯಿ ಹೊರಗೆ ಬಂದಳು. ತಲೆಯ ಮೇಲಿನ ಸೆರಗು ಸರಿಪಡಿಸಿಕೊಂಡು, ಮೈದುನನ ಎದುರು ನಿಂತು ಬಲಗೈ ಎತ್ತಿದಳು.

"ನಾ ಒಲ್ಲೆ."

ಅಮರನಾಥ ಆ ಕೈ ಹಿಡಿದು ಹಿಂದಕ್ಕೆ ತಿರುವಿದ. "ಇಳಸ್ರಿ ದೊಡ್ಡವ್ವ." ಅವಳು ಇಳಿಸಲಿಲ್ಲ. ಪಕ್ಕದ ಮಿಲ್ಲಿನ ಗದ್ದಲದಲ್ಲೂ ಮೂಳೆ ಮುರಿದ ಸದ್ದು ಕೇಳಿಸಿತು. ಸುನಿತಾಳಿಗೆ ತನ್ನ ಪೆಟ್ಟುಗಳೆಲ್ಲ ಮರೆತುಹೋದವು. ಆ ಕೈಯನ್ನು ಎತ್ತಿಸಿದವಳು ತಾನೇ.

"ಸಾಕವ್ವಾ, ಒಳಗ ಹೋಗು," ಎಂದು ಅಳತೊಡಗಿದಳು.

"ಬರಿಯೋ ಅನೀಲಕುಮಾರ," ಎಂದ ಕಲ್ಯಾಣಪ್ಪ. "ಕೈ ಇಳೀತು. ಇಬ್ಬರದೂ ಒಪ್ಪಿಗಿ ಅದ." ಅನೀಲಕುಮಾರ ತಲೆ ತಗ್ಗಿಸಿ ಬರೆಯತೊಡಗಿದ.

ಸುಂದರಬಾಯಿ ಗೋಡೆಗೆ ಒರಗಿದ್ದಳು. ಮುರಿದ ಕೈ ಜೋತುಬಿದ್ದಿತ್ತು, ತುಟಿ ಬೆಳ್ಳಗಾಗಿತ್ತು.

"ಸುನಿತಾ, ನಿನ್ ಕಾಯ್ದೆದಾಗ ಎಡಗೈ ನಡೀತದೇನು?"

ಸುನಿತಾ ಕಣ್ಣಿನ ಮೇಲಿನ ರಕ್ತ ಒರೆಸಿಕೊಂಡಳು. "ನಡೀತದವ್ವಾ."

ಸುಂದರಬಾಯಿ ಎಡಗೈ ಎತ್ತಿದಳು. ಅನೀಲಕುಮಾರನ ಪೆನ್ನು ನಿಂತಿತು. ದಿನಾ ಬೆಳಗ್ಗೆ ಲಿಂಗ ಇಟ್ಟುಕೊಂಡು ಪೂಜಿಸುವ ಆ ಅಂಗೈ ಈಗ ಎಲ್ಲರ ತಲೆಗಳಿಗಿಂತ ಮೇಲಿತ್ತು, ಮಿಲ್ಲಿನಿಂದ ಹಾರಿಬಂದ ತೊಗರಿ ಹೊಟ್ಟು ಅದರ ಮೇಲೆ ಕೂರುತ್ತಿತ್ತು.