ಮಡಿಕೆಯೊಳಗಿನ ಕೆಂಪು

ಅವಳ ಕೋಣೆಗೆ ಹೊಸಬರು ಕಾಲಿಟ್ಟರೆ ಗುಜರಿ ಅಂಗಡಿಗೆ ಬಂದೆವೇನೋ ಎಂದು ಕಕ್ಕಾಬಿಕ್ಕಿಯಾಗುತ್ತಿದ್ದರು. ತುಕ್ಕು ಹಿಡಿದ ಬಿಸ್ಕತ್ತಿನ ಡಬ್ಬಿ, ಮುಚ್ಚಳವಿಲ್ಲದ ಪೌಡರ್ ಡಬ್ಬಿ, ಖಾಲಿ ಬೆಂಕಿಪೊಟ್ಟಣ, ಹೆಸರೇ ಅಳಿಸಿಹೋದ ಚಹಾ ಪೊಟ್ಟಣ. ಡಿಸೈನ್ ಓದುವ ಹುಡುಗಿಗೆ ಇವೇ ಬಂಧು ಬಳಗ. ಅಣ್ಣ ಅವಳನ್ನು ಡಬ್ಬಿ ರಾಣಿ ಎಂದೇ ಕರೆಯುತ್ತಿದ್ದ. ಕರೆದರೆ ಕರೆಯಲಿ, ಅವಳಿಗೇನೂ ಬೇಸರವಿರಲಿಲ್ಲ.

ಬೇಸರ ತಂದದ್ದು ಮೇಷ್ಟರ ಮಾತು. ಹಳೇ ಕಾಲದ ಧಾಟಿಯಲ್ಲಿ ಸಾಬೂನಿಗೊಂದು ಹೊದಿಕೆ ಮಾಡಿ ತನ್ನಿ ಎಂದಿದ್ದರು. ಇವಳು ಬಣ್ಣಗಳನ್ನೆಲ್ಲ ಮಂಕು ಮಾಡಿ, ಕಾಗದವನ್ನು ಚಹಾದ ನೀರಿನಲ್ಲಿ ನೆನೆಸಿ, ಮೂಲೆ ಉಜ್ಜಿ ಸವೆಸಿ, ಹೆಮ್ಮೆಯಿಂದ ಒಯ್ದಿಟ್ಟಳು.

"ಕೆಲಸ ಚೆನ್ನಾಗಿದೆ. ಆದ್ರೆ ಇದನ್ನ ಯಾರು ಕೊಳ್ತಾರಮ್ಮ? ಮಾರಾಟ ಆಗ್ದೆ ಉಳಿದ ಮಾಲಿನ ಹಾಗಿದೆ. ಇನ್ನೊಂದ್ಸಲ ಮಾಡು" ಎಂದುಬಿಟ್ಟರು ಮೇಷ್ಟರು.

ಮನೆಗೆ ಬಂದು ಮುಖ ಊದಿಸಿಕೊಂಡು ಕೂತಳು. ಅಜ್ಜಿ ನೋಡುವಷ್ಟು ನೋಡಿ, ನಡೆದದ್ದನ್ನೆಲ್ಲ ಕೇಳಿಕೊಂಡು, ಬೀರುವಿನಿಂದ ಒಂದು ಸಾಬೂನು ತಂದು ಬಿಚ್ಚಿ ನೋಡು ಎಂದು ಅವಳ ಮುಂದಿಟ್ಟಳು.

ಹುಡುಗಿ ಕೈ ಹಿಂದಕ್ಕೆಳೆದುಕೊಂಡಳು. ಆ ಸಾಬೂನನ್ನು ಮನೆಯಲ್ಲಿ ಯಾರೂ ಮುಟ್ಟುವ ಹಾಗಿರಲಿಲ್ಲ. ಅಜ್ಜಿಯ ತಂಗಿ ಸಾಬೂನಿನ ಕಾರ್ಖಾನೆಯಲ್ಲಿ ಹೊದಿಕೆ ಸುತ್ತುವ ಕೆಲಸಕ್ಕಿದ್ದಳು. ಕೈಯಾರೆ ಸುತ್ತಿ ಅಕ್ಕನಿಗೆಂದು ತಂದುಕೊಟ್ಟಿದ್ದಳು. ಆ ವರ್ಷವೇ ಜ್ವರ ಬಂದು ತೀರಿಕೊಂಡಳು. ಸಾಬೂನು ಎಷ್ಟೋ ಕಾಲ ಕಿಟಕಿಯ ಪಕ್ಕದಲ್ಲಿತ್ತು. ಬಣ್ಣವೆಲ್ಲ ಹೋದ ಮೇಲೆ ಬೀರು ಸೇರಿತು. ತಂಗಿಯದೆಂದು ಉಳಿದದ್ದು ಆ ಮಡಿಕೆಗಳು ಮಾತ್ರ, ಬಿಚ್ಚಿದರೆ ಅವೂ ಹೋದಂತೆಯೇ.

"ಬೇಡ ಅಜ್ಜಿ. ಹರಿದುಹೋದ್ರೆ?"

"ಹರಿದ್ರೆ ನಿನ್ನ ಚರ್ಮ ಸುಲೀತೀನಿ. ಅವಳು ಹೇಗೆ ಸುತ್ತಿದ್ದಾಳೆ ನೋಡ್ಕೊ. ನಾನು ಹೋದ್ಮೇಲೆ ಇದನ್ನ ಯಾರು ಕೇಳ್ತಾರೆ?"

ಅಜ್ಜಿಯ ದನಿ ಗಟ್ಟಿಯಾಗಿತ್ತು, ಕೈ ಮಾತ್ರ ಸಾಬೂನನ್ನು ಬಿಟ್ಟಿರಲಿಲ್ಲ. ಹುಡುಗಿ ಮೆಲ್ಲಗೆ ಬಿಡಿಸಿಕೊಂಡು, ಕುದಿಯುವ ನೀರಿನ ಹಬೆಗೆ ಹಿಡಿದಳು. ಹೊದಿಕೆಯ ಹೊರಗೆಲ್ಲ ತರಗೆಲೆಯ ಬಣ್ಣ. ಇದೇ ಹಳೇ ಕಾಲದ ಬಣ್ಣವೆಂದು ಅವಳು ಇಷ್ಟು ದಿನ ನಂಬಿದ್ದಳು. ಅಂಟು ಸಡಿಲವಾಯಿತು. ಉಗುರಿನ ತುದಿಯಿಂದ ಒಂದು ಮಡಿಕೆಯನ್ನು ಎತ್ತಿದಳು.

ಒಳಗೆ ಕೆಂಪು. ಎಂಥ ಕೆಂಪು! ಬಿಸಿಲು ಕಾಣದೆ ಉಳಿದ ಆ ಪಟ್ಟಿಯಲ್ಲಿ ಕೆಂಪು ಧಗಧಗ ಎನ್ನುತ್ತಿತ್ತು, ಪಕ್ಕದಲ್ಲೇ ಹಳದಿ ಕಣ್ಣು ಕುಕ್ಕುತ್ತಿತ್ತು. ಅಯ್ಯೋ, ಇವು ಯಾವುವೂ ಹಳೆಯವಾಗಿರಲೇ ಇಲ್ಲ! ಅಂಗಡಿಯಲ್ಲಿ ನಿಂತು ನನ್ನನ್ನು ಕೊಳ್ಳು, ನನ್ನನ್ನು ಕೊಳ್ಳು ಎಂದು ಕೂಗಿದ ಬಣ್ಣಗಳಿವು. ತಾನೋ ಬಿಸಿಲು ಮಾಡಿದ ಹಾಳನ್ನು ಪ್ರೀತಿಸಿ, ಅದನ್ನೇ ಕಷ್ಟಪಟ್ಟು ನಕಲು ಮಾಡುತ್ತ ಕೂತಿದ್ದಳು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಹೊದಿಕೆ ಹರಿಯದೆ ಪೂರ್ತಿ ಬಿಚ್ಚಿಕೊಂಡಿತು. ಅಜ್ಜಿ ಬಾಗಿ ನೋಡಿದಳು.

"ಇದೇ ಕಣೇ. ಅವಳು ಕೈಗಿಟ್ಟಾಗ ಇದೇ ಬಣ್ಣ ಇತ್ತು. ಬರ್ತಾ ಬರ್ತಾ, ಇಲ್ಲದ್ದೆಲ್ಲ ನಾನೇ ನೆನೆಸ್ಕೋತಿದ್ದೀನೇನೋ ಅಂದ್ಕೊಂಡ್ಬಿಟ್ಟಿದ್ದೆ."

"ಅವರು ಮಡಚಿದ ಹಾಗೇ ಮತ್ತೆ ಮಡಚಿ ಅಂಟಿಸ್ಲಾ ಅಜ್ಜಿ? ಗೆರೆ ಎಲ್ಲಾ ಹಾಗೇ ಇದೆ."

ಅಜ್ಜಿ ಕಾಗದವನ್ನು ಅಂಗೈಯಿಂದ ಮೆಲ್ಲಗೆ ಸವರಿದಳು.

"ಬೇಡ, ಸ್ವಲ್ಪ ಹೊತ್ತು ಹೀಗೇ ಇರ್ಲಿ. ನನ್ನ ಜೊತೆ ಅವಳಿಗೂ ವಯಸ್ಸಾಯ್ತು ಅನ್ಕೊಂಡಿದ್ದೆ. ನಿನಗಿಂತ ಚಿಕ್ಕವಳು ಕಣೇ ಅವಳು."